ಉಶ್ಶಪ್ಪ ಪ್ಯಾಕೇಜಿನ ಮೂಲ ಹುಡುಕಿದ್ದು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಊಟದ ಡಬ್ಬಿಯಷ್ಟು ಗಾತ್ರದ ಒಂದು ಪ್ರಿಂಟರು.

ಗ್ರಂಥಾಲಯದ ಬಾಗಿಲು ತೆರೆಯುವುದಕ್ಕೂ ಮೊದಲೇ ಅದು ಎರವಲು ಕೌಂಟರಿನ ಮೇಲೆ ಬಂದು ಕುಳಿತಿತ್ತು. ಮೈತುಂಬ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು, ಮೊದಲ ಸಲ ಮಾವನ ಮನೆಗೆ ಬಂದ ಅಳಿಯನ ಹಾಗೆ, ಬೇಕಿದ್ದವರು ತಾವಾಗಿ ಬಂದು ಮಾತಾಡಿಸಲಿ ಎಂಬ ಬಿಗುಮಾನದಲ್ಲಿ. ಅದರ ಪಕ್ಕದಲ್ಲಿ ಮೇಡಂ ನಿಂತಿದ್ದರು. ಮೇಡಂ ಎಂದರೆ ಈ ಗ್ರಂಥಾಲಯದ ಮುಖ್ಯಸ್ಥೆ. ಅವರು ಗದರುವುದಿಲ್ಲ, ಕೂಗುವುದಿಲ್ಲ. ಮಾತು ಮುಗಿಸಿ ಒಮ್ಮೆ ನಕ್ಕುಬಿಡುತ್ತಾರೆ. ಆ ನಗು ಕಂಡವರು ಕೂತಲ್ಲೇ ತಣ್ಣಗಾಗುತ್ತಾರೆ.

“ನೋಡಿ, ಸದಸ್ಯರ ಹೊಸ ಕಾರ್ಡೆಲ್ಲ ಇದರಲ್ಲೇ ಅಚ್ಚಾಗ್ಬೇಕು. ನಾಳೆ ಸಮಿತಿಯವರು ನೋಡೋಕೆ ಬರ್ತಾರೆ. ಇವತ್ತು ಬಾಗಿಲು ಹಾಕೋದ್ರೊಳಗೆ ಒಂದು ಕಾರ್ಡಾದ್ರೂ ಹೊರಗೆ ಬರ್ಲಿ.”

“ಬರದೇ ಇದ್ರೆ ಮೇಡಂ?” ಎಂದು ಉಶ್ಶಪ್ಪ ಕೇಳಿದ. ಕೇಳಬಾರದಿತ್ತು.

“ಬರದೇ ಇದ್ರೆ ಕೌಂಟರನ್ನ ಪತ್ರಿಕಾ ವಿಭಾಗದ ಜೊತೆ ಸೇರಿಸಿಬಿಡೋಣ. ನೆಲಮಾಳಿಗೆ ನೋಡ್ಕೊಳ್ಳೋಕೆ ಒಬ್ಬರು ಬೇಕು ಅಂತ ನಾನೂ ಬಹಳ ದಿನದಿಂದ ಹುಡುಕ್ತಾನೇ ಇದ್ದೀನಿ,” ಎಂದು ಮೇಡಂ ನಕ್ಕು, ಮೆಟ್ಟಿಲು ಹತ್ತಿ ಹೋದರು.

ಉಶ್ಶಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಓದುಗರಲ್ಲಿ ಯಾರಾದರೂ ಪಿಸುಗುಟ್ಟಿದರೂ ಸಾಕು, ತುಟಿಯ ಮೇಲೆ ಬೆರಳಿಟ್ಟು “ಉಶ್!” ಎನ್ನುವುದು ಅವನ ರೂಢಿ. ಮಕ್ಕಳು ಇಟ್ಟ ಹೆಸರು ದೊಡ್ಡವರ ಬಾಯಿಗೂ ಹತ್ತಿ, ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಅವನಿಗೇನೂ ಬೇಸರವಿರಲಿಲ್ಲ. ಬೇಕಾದದ್ದೆಲ್ಲ ಆ ಕೌಂಟರಿನಲ್ಲೇ ಇತ್ತು: ಎಡಕ್ಕೊಂದು ಕಿಟಕಿ, ಕಿಟಕಿಯಾಚೆ ಬಸ್ ನಿಲ್ದಾಣ, ಎದುರಿಗೆ ಪುಸ್ತಕ ಹಿಡಿದು ನಿಂತ ಜನ. ಯಾರು ಕೊನೆಯ ಪುಟ ಮೊದಲು ಓದುತ್ತಾರೆ, ಯಾರು ಹಾಳೆಯ ಮೂಲೆ ಮಡಿಸುತ್ತಾರೆ, ಯಾರು ಅಡುಗೆ ಪುಸ್ತಕ ಒಯ್ದ ಮರುವಾರವೇ ಹೊಟ್ಟೆನೋವಿನ ಪುಸ್ತಕ ಕೇಳುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಂಥವನನ್ನು ನೆಲಮಾಳಿಗೆಗೆ ಹಾಕುವುದೆಂದರೆ ಮೀನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ನೆಲಮಾಳಿಗೆಯಲ್ಲಿ ಇದ್ದದ್ದು ಹಳೆಯ ಪತ್ರಿಕೆಗಳ ಕಟ್ಟು, ಒಂದು ಬಲ್ಬು, ಮತ್ತು ತೇವ. ಫೋನು ಅಲ್ಲಿ ಮಾತಾಡುವುದಿಲ್ಲ. ಕಿಟಕಿ ಎಂಬುದು ಇಲ್ಲವೇ ಇಲ್ಲ. ಹಳೆಯ ಪತ್ರಿಕೆ ಹುಡುಕಲು ಇಳಿದವರು ಮೇಲೆ ಬಂದಾಗ ಮಳೆ ಬಂದು ನಿಂತದ್ದು ಕೂಡ ಗೊತ್ತಿಲ್ಲದೆ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದರು. ಅಜ್ಜಿಯರ ಕತೆಗಳಲ್ಲಿ ರಾಕ್ಷಸರು ರಾಜಕುಮಾರಿಯರನ್ನು ಬಚ್ಚಿಡುವ ಜಾಗ ಇದಕ್ಕಿಂತ ಎಷ್ಟೋ ವಾಸಿ. ಅಲ್ಲಿ ಮಾತಾಡಲು ಒಂದು ಗಿಳಿಯಾದರೂ ಇರುತ್ತದೆ.

ಉಶ್ಶಪ್ಪ ಪ್ಲಾಸ್ಟಿಕ್ ಬಿಚ್ಚಿದ, ತಂತಿ ಚುಚ್ಚಿದ. ಪ್ರಿಂಟರು ಹಸಿರು ಕಣ್ಣು ಬಿಟ್ಟಿತು. ಕಂಪ್ಯೂಟರು ಮಾತ್ರ ಸಾಲ ಕೊಟ್ಟವನನ್ನು ಕಂಡವರ ಹಾಗೆ ಗುರುತೇ ಹಿಡಿಯಲಿಲ್ಲ.

ಆ ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ಇದ್ದದ್ದು ಪುಕ್ಕಟೆಯಾಗಿ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ವ್ಯವಸ್ಥೆ. ಅದಕ್ಕೆ ಹೊಸ ತಂತ್ರಾಂಶ ಬೇಕೆಂದರೆ ಅಂಗಡಿಗೆ ಹೋಗಬೇಕಾಗಿಲ್ಲ. ತಂತ್ರಾಂಶವೆಲ್ಲ ಪ್ಯಾಕೇಜುಗಳಾಗಿ ಎಲ್ಲೋ ಒಂದು ಕಡೆ ಇರುತ್ತವೆ. ಆ ‘ಒಂದು ಕಡೆ’ ಯಾವುದು ಎಂದು ಒಂದು ಫೈಲಿನಲ್ಲಿ ವಿಳಾಸ ಬರೆದಿಟ್ಟರೆ ಸಾಕು, ಕಂಪ್ಯೂಟರು ತಾನೇ ಹೋಗಿ ಹೊತ್ತು ತರುತ್ತದೆ. ಆ ವಿಳಾಸಕ್ಕೆ ಮೂಲ ಎಂದು ಹೆಸರು. ಇದನ್ನೆಲ್ಲ ಜೋಡಿಸಿಕೊಟ್ಟಿದ್ದ ಕಂಪ್ಯೂಟರಿನವನು ಬೇರೆ ಕೆಲಸ ಸಿಕ್ಕಿ, ತನ್ನ ಯಂತ್ರವನ್ನೂ ಕಂಕುಳಲ್ಲಿ ಇರುಕಿಕೊಂಡು ಎಂದೋ ಹೊರಟುಹೋಗಿದ್ದ. ಅವನು ಬಿಟ್ಟುಹೋದದ್ದು ಒಂದು ಕಟ್ಟಪ್ಪಣೆಯನ್ನು: ಎಲ್ಲರೂ ಹೊರಗಿನಿಂದ ಎಳೆದರೆ ಇಂಟರ್ನೆಟ್ಟಿಗೆ ಉಸಿರು ಕಟ್ಟುತ್ತದೆ, ಒಬ್ಬರು ತರಬೇಕು, ಉಳಿದವರು ಒಬ್ಬರಿಂದೊಬ್ಬರು ನಕಲು ತೆಗೆದುಕೊಳ್ಳಬೇಕು. ಉಶ್ಶಪ್ಪನ ಕಂಪ್ಯೂಟರು ಪತ್ರಿಕಾ ವಿಭಾಗದ ಕಂಪ್ಯೂಟರಿನಿಂದ ತೆಗೆದುಕೊಳ್ಳುತ್ತಿತ್ತು. ಅಷ್ಟು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಬೇಕು ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಪರದೆಯ ಮೇಲೆ ಅಪ್ಪಣೆ ಕುಟ್ಟುವ ಕಪ್ಪು ಕಿಟಕಿ ತೆರೆದು ಕಾರ್ಡು ಅಚ್ಚುಮಾಡುವ ಪ್ಯಾಕೇಜಿನ ಹೆಸರು ಕುಟ್ಟಿದ. ‘ಅಂಥ ಪ್ಯಾಕೇಜು ಇಲ್ಲ’ ಎಂದಿತು ಕಂಪ್ಯೂಟರು. ಹೊಸದೇನಾದರೂ ಬಂದಿದೆಯೇ ನೋಡು ಎಂದು ಕೇಳಿದ. ಕಂಪ್ಯೂಟರು ಮೂಲದ ಕಡೆಗೆ ಹೋದ ಹಾಗೆ ಮಾಡಿ, ಕಣ್ಣು ಮಿಟುಕಿಸುವುದರೊಳಗೆ ಬಂದು, ‘ಎಲ್ಲವೂ ಹೊಸದಾಗಿಯೇ ಇದೆ’ ಎಂದು ಹೇಳಿ ಸುಮ್ಮನಾಯಿತು. ಇನ್ನೊಮ್ಮೆ ಕೇಳಿದ. ಅದೇ ಉತ್ತರ. ಹೊಟ್ಟೆ ತುಂಬಿದವನ ತೇಗಿನಷ್ಟು ತೃಪ್ತಿ ಆ ಮಾತಿನಲ್ಲಿ.

ಅಷ್ಟರಲ್ಲಿ ಕೌಂಟರಿನ ಮುಂದೆ ಸಾಲು ಬೆಳೆದಿತ್ತು. ಎಲ್ಲರಿಗಿಂತ ಮುಂದೆ ಪತ್ತೇದಾರಿ ಅಜ್ಜಿ. ಅಜ್ಜಿ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನನ್ನೂ ಓದಿದವರಲ್ಲ.

“ಏನಪ್ಪಾ, ಬೆಳಬೆಳಿಗ್ಗೆ ಮುಖ ಸೊಟ್ಟ ಮಾಡ್ಕೊಂಡು ಕೂತಿದ್ದೀಯ?”

“ಪ್ಯಾಕೇಜು ಸಿಗ್ತಿಲ್ಲ ಅಜ್ಜಿ.”

“ಯಾರು ಕಳಿಸಿದ್ದು?”

“ಯಾರೂ ಕಳಿಸಿಲ್ಲ. ನಾನೇ ಕೇಳಿ ತರಿಸ್ಕೋಬೇಕು. ಕೇಳಿದ್ರೆ ಇಲ್ಲ ಅಂತಿದೆ.”

“ಇಲ್ಲ ಅಂದ್ರೆ ನಂಬಿ ಕೂತ್ಕೋತಾರಾ? ಇನ್ನೊಂದು ಕಡೆ ವಿಚಾರಿಸ್ಬೇಕು. ಒಬ್ಬನೇ ಸಾಕ್ಷೀನ ನೆಚ್ಕೊಂಡು ಯಾವ ಕೇಸು ನಿಂತಿದೆ?”

“ಎರವಲು ಕೌಂಟರಿನಲ್ಲಿ ಬಿಕ್ಕಟ್ಟು! ಗುಮಾಸ್ತ ಕಂಗಾಲು!” ಎಂಬ ದನಿ ಹಿಂದಿನಿಂದ ಬಂತು. ಪತ್ರಿಕಾ ವಿಭಾಗ ನೋಡಿಕೊಳ್ಳುವ ಹೆಡ್‌ಲೈನ್ ಅಣ್ಣ. ದಿನವಿಡೀ ಪತ್ರಿಕೆ ಜೋಡಿಸಿ ಜೋಡಿಸಿ ಅವನ ಬಾಯಲ್ಲಿ ಮಾತು ದಪ್ಪಕ್ಷರದಲ್ಲೇ ಬರುತ್ತಿತ್ತು. ಉಶ್ಶಪ್ಪನ ಹೆಗಲ ಮೇಲಿಂದ ಬಗ್ಗಿ ನೋಡಿ, “ಅಯ್ಯೋ, ಇಷ್ಟೇನಾ? ಮೂಲ ಒಂದು ಸೇರಿಸ್ಕೊಂಡ್ರೆ ಆಯ್ತಪ್ಪ. ನನ್ನ ಭಾವಮೈದ ಒಂದು ಕಡೆಯಿಂದ ತರಿಸ್ತಾನೆ, ಅಲ್ಲಿ ಸಿಗದೇ ಇರೋದೇ ಇಲ್ಲ. ಬರ್ಕೋ, ಹೇಳ್ತೀನಿ,” ಎಂದ.

ಉಶ್ಶಪ್ಪ ಬರೆದುಕೊಂಡ. ಕಂಪ್ಯೂಟರು ತಡೆದು ಕೇಳಿತು: ‘ಈ ಮೂಲದ ಪರಿಚಯ ನನಗಿಲ್ಲ. ನಂಬಲೇ?’

“ಹೂಂ ಅನ್ನು, ಹೂಂ ಅನ್ನು,” ಎಂದ ಹೆಡ್‌ಲೈನ್ ಅಣ್ಣ. “ಎಲ್ಲಕ್ಕೂ ಇಷ್ಟು ಅನುಮಾನ ಪಟ್ರೆ ಸಂಸಾರ ನಡೆಯುತ್ತಾ?”

ಹೂಂ ಎಂದದ್ದೇ ತಡ, ಪ್ಯಾಕೇಜು ಬಂತು. ಒಂಟಿಯಾಗಿ ಬರಲಿಲ್ಲ, ಊಟಕ್ಕೆ ಒಬ್ಬರನ್ನು ಕರೆದರೆ ಬೀದಿಗೆ ಬೀದಿಯೇ ಎದ್ದು ಬಂದ ಹಾಗೆ ತನ್ನ ನೆಂಟರಿಷ್ಟರನ್ನೆಲ್ಲ ಹಿಂದೆ ಕಟ್ಟಿಕೊಂಡು ಬಂತು. ಆ ನೆಂಟರಲ್ಲಿ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಒಂದಿತ್ತು. ಪ್ರಿಂಟರು ತೆಪ್ಪಗಿತ್ತು. ಕಂಪ್ಯೂಟರು ಗಂಟಲು ಸರಿಮಾಡಿಕೊಂಡಿತು.

ಉಶ್ಶಪ್ಪ ಅಜ್ಜಿಯ ಪುಸ್ತಕವನ್ನು ದಾಖಲಿಸಿದ.

“ಹೆಣದ ಜೇಬಿನಲ್ಲಿ ಬೀಗದ ಕೈ. ಎರಡನೆಯ ಭಾಗ,” ಎಂದು ನೆಗಡಿಯಾದ ಅಶರೀರವಾಣಿಯೊಂದು ಇಡೀ ವಾಚನಾಲಯಕ್ಕೆ ಕೇಳುವಂತೆ ಸಾರಿತು.

ಓದುತ್ತಿದ್ದ ತಲೆಗಳೆಲ್ಲ ಮೇಲೆದ್ದವು. ಅಜ್ಜಿಗೆ ಮಾತ್ರ ಖುಷಿಯಾಯಿತು. “ಎಷ್ಟು ಚೆನ್ನಾಗಿ ಹೇಳ್ತು ನೋಡು! ಇನ್ನೊಂದು ಸಲ ಹೇಳ್ಸಪ್ಪ.”

ಗಾಬರಿಯಲ್ಲಿ ಉಶ್ಶಪ್ಪನ ಕೈ ಮುಂದಿನವರ ಪುಸ್ತಕದ ಮೇಲೆ ಹೋಯಿತು. ಮುಂದಿನವರು ಹುರಿಮೀಸೆಯ ದೊಡ್ಡ ಮನುಷ್ಯರು, ಕಂಡವರೆಲ್ಲ ದಾರಿ ಬಿಡುವಂಥವರು.

“ಹೆಂಡತಿಗೆ ಎದುರು ಹೇಳುವ ಹನ್ನೊಂದು ವಿಧಾನಗಳು. ಹಿಂತಿರುಗಿಸುವ ಅವಧಿ ಮೀರಿದೆ.”

ಪಕ್ಕದ ಕಪಾಟಿನ ಹಿಂದಿನಿಂದ ಹೆಣ್ಣುದನಿಯೊಂದು ಕೇಳಿತು: “ಓಹೋ! ಹನ್ನೊಂದರಲ್ಲಿ ಎಷ್ಟನೇದಕ್ಕೆ ಬಂದಿದ್ದೀರಿ?” ಮೀಸೆ ಎರಡೂ ಕಡೆ ಒಟ್ಟಿಗೆ ಇಳಿಯಿತು.

ಉಶ್ಶಪ್ಪ ಅಭ್ಯಾಸಬಲದಿಂದ ಕಂಪ್ಯೂಟರಿಗೇ “ಉಶ್!” ಎಂದ. ಅದು ಕೇಳಿಸಿಕೊಳ್ಳುವ ಜಾತಿಯದಲ್ಲ, ಹೇಳುವ ಜಾತಿಯದು. ಸ್ಪೀಕರಿನ ಮೇಲೆ ನಿಘಂಟುಗಳನ್ನು ಪೇರಿಸಿದ. ದನಿ ಗವಿಯೊಳಗಿನಿಂದ ಬಂದಂತೆ ಇನ್ನಷ್ಟು ಗಂಭೀರವಾಗಿ, “ಬಾಡಿಗೆದಾರರನ್ನು ಬಿಡಿಸುವುದು ಹೇಗೆ,” ಎಂದಿತು. ಆ ಪುಸ್ತಕ ಹಿಡಿದಿದ್ದ ಮನೆಯ ಯಜಮಾನರ ಬೆನ್ನ ಹಿಂದೆಯೇ, ಸಾಲಿನಲ್ಲಿ, ಅವರ ಮಹಡಿಯ ಮೇಲಿನ ಬಾಡಿಗೆದಾರ ನಿಂತಿದ್ದ.

“ಅಂಕಲ್, ಇದಕ್ಕೇನಾ ನೀವು ನಿನ್ನೆ ನಲ್ಲಿ ರಿಪೇರಿ ಆಮೇಲೆ ಮಾಡಿಸೋಣ ಅಂದಿದ್ದು?”

“ಅಲ್ಲಪ್ಪಾ, ಸುಮ್ನೆ... ಸಾಮಾನ್ಯಜ್ಞಾನಕ್ಕೆ...”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹೆಡ್‌ಲೈನ್ ಅಣ್ಣ ಒಂದು ಪತ್ರಿಕೆಯನ್ನು ಅಗಲಿಸಿ ಅದರ ಹಿಂದೆ ಮಾಯವಾದ. ಮೇಡಂ ಬಂದು ಕೌಂಟರಿನ ಮುಂದೆ ನಿಂತು, ತುಟಿಯ ಮೇಲೆ ಬೆರಳಿಟ್ಟು, ಉಶ್ಶಪ್ಪನಿಗೆ “ಉಶ್” ಎಂದರು.

ಅವನ ಜೀವಮಾನದಲ್ಲಿ ಅಂಥ ಅವಮಾನ ಆಗಿರಲಿಲ್ಲ.

“ಇದು ಎಲ್ಲಿಂದ ಬಂತು?”

“ಒಂದು... ಹೊರಗಿನ ಮೂಲದಿಂದ ಮೇಡಂ.”

“ಯಾರ್ಯಾರದೋ ಮೂಲದಿಂದ ಏನೇನೋ ತಂದು ತುಂಬೋದಾ? ನಮ್ಮ ಕಟ್ಟಡದ್ದೇ ಏರ್ಪಾಡಿತ್ತಲ್ಲ, ಅದೇನಾಯ್ತು?”

ಮುಳುಗುವವನ ಕೈಗೆ ಹಗ್ಗ ಸಿಕ್ಕಂತಾಯಿತು. “ಅದೇ ಮೇಡಂ ನಾನೂ ಹೇಳೋದು! ನನ್ನ ಕಂಪ್ಯೂಟರು ಪತ್ರಿಕಾ ವಿಭಾಗದಿಂದ ತಗೊಳ್ಳುತ್ತೆ. ಅವರ ಹತ್ರ ಇಲ್ಲ ಅಂದ್ರೆ ನನ್ನ ಹತ್ರ ಎಲ್ಲಿಂದ ಬರ್ಬೇಕು? ಅದಕ್ಕೂ ಹಿಂದೆ ಎಲ್ಲೋ ಯಾರೋ ತರೋದನ್ನ ನಿಲ್ಲಿಸಿಬಿಟ್ಟಿದ್ದಾರೆ. ಅವರು ಮಾಡಿದ್ದಕ್ಕೆ ನಾನು ನೆಲಮಾಳಿಗೆಗೆ ಹೋಗೋದು ಯಾವ ನ್ಯಾಯ ಮೇಡಂ?”

ಮೇಡಂ ಯೋಚಿಸಿದರು. “ಸರಿ. ಇದರ ಬುಡ ಹುಡುಕಿ. ಯಾರಲ್ಲಿ ನಿಂತಿದೆಯೋ ಅವರೇ ನೆಲಮಾಳಿಗೆಗೆ ಹೋಗ್ಲಿ.”

“ಇವತ್ತೇ ಕಳಿಸ್ಬೇಕು ಮೇಡಂ,” ಎಂದ ಉಶ್ಶಪ್ಪ. ಅವನ ನಾಲಿಗೆಗೆ ಲಗಾಮು ತಪ್ಪಿತ್ತು. “ನಾಳೆ ಅಂದ್ರೆ ಎಲ್ಲರ ಮನಸ್ಸೂ ಕರಗಿಬಿಡುತ್ತೆ. ಕೆಲಸದಲ್ಲಿ ದಾಕ್ಷಿಣ್ಯ ನೋಡ್ಬಾರ್ದು.”

“ಯಾರೇ ಆಗ್ಲಿ?”

“ಯಾರೇ ಆಗ್ಲಿ ಮೇಡಂ! ನನ್ನ ಒಡಹುಟ್ಟಿದೋನೇ ಆಗ್ಲಿ!”

ಮೇಡಂ ನಕ್ಕು ಮೇಲೆ ಹೋದರು. ಉಶ್ಶಪ್ಪ ಭಾವಮೈದನ ಮೂಲವನ್ನು ಅಳಿಸಿ, ಅದರ ನೆಂಟರಿಷ್ಟರನ್ನೆಲ್ಲ ಹೊರಗಟ್ಟಿದ. ಅಶರೀರವಾಣಿ ‘ಧನ್ಯವಾ’ ಎನ್ನುವಷ್ಟರಲ್ಲಿ ಕತ್ತು ಹಿಸುಕಿದಂತೆ ನಿಂತಿತು.

ಪತ್ರಿಕಾ ವಿಭಾಗದಲ್ಲಿ ಓದುಗರು ಮುಖದ ಮೇಲೆ ದೇಶದ ಸುದ್ದಿ ಹೊದ್ದುಕೊಂಡು ಮಲಗಿದ್ದರು. ಹೆಡ್‌ಲೈನ್ ಅಣ್ಣ ತನ್ನ ಕಂಪ್ಯೂಟರಿನ ಫೈಲು ತೆರೆದು ತೋರಿಸಿದ. ಅದರ ಪರದೆಯೂ ಅದೇ ತೃಪ್ತಿಯಿಂದ ಹೇಳುತ್ತಿತ್ತು: ಎಲ್ಲವೂ ಹೊಸದಾಗಿಯೇ ಇದೆ.

“ನಂದೇನಿಲ್ಲಪ್ಪ ಇದರಲ್ಲಿ. ನಾನು ತಗೊಳ್ಳೋದು ಮಕ್ಕಳ ವಿಭಾಗದ ಅಕ್ಕನಿಂದ.”

“ಅವರಿಂದಲೇ ಯಾಕೆ?”

“ಯಾಕೆ ಅಂದ್ರೆ? ಮಧ್ಯಾಹ್ನ ತಮ್ಮ ಡಬ್ಬೀಲಿ ನನಗೂ ಪಾಲು ಕೊಡ್ತಾರೆ. ಅಂಥವರು ಕೆಟ್ಟ ಪ್ಯಾಕೇಜು ಕೊಡ್ತಾರೇನು? ಕಂಪ್ಯೂಟರಿನವನು ಹೋದ ಮೇಲೆ ಎಲ್ರೂ ಹಾಗೇ ತಾನೆ, ಅವರವರಿಗೆ ಹೊಂದೋರ ಕಡೆ ತಿರುಗಿಸ್ಕೊಂಡಿದ್ದು? ನೀನೂ ನನ್ನ ಕಡೆ ತಿರುಗಿಸ್ಕೊಂಡಿದ್ದು ಯಾಕೆ?”

“ನೀವು ಪಕ್ಕ ಇದ್ರಿ. ಎದ್ದು ಓಡಾಡೋ ಕೆಲಸ ಇರ್ಲಿಲ್ಲ.”

ಕಂಪ್ಯೂಟರಿಗೆ ಓಡಾಡುವ ಕೆಲಸ ಎಲ್ಲಿಂದ ಬಂತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

“ತನಿಖೆ ಹೊಸ ತಿರುವಿಗೆ! ಮಕ್ಕಳ ವಿಭಾಗದತ್ತ ಬೆರಳು!” ಎನ್ನುತ್ತ ಹೆಡ್‌ಲೈನ್ ಅಣ್ಣ ಎದ್ದು ಜೊತೆಗೆ ಹೊರಟ. ಹಿಂದಿನಿಂದ ಪತ್ತೇದಾರಿ ಅಜ್ಜಿ, ಬೀಗದ ಕೈಯ ಎರಡನೆಯ ಭಾಗವನ್ನು ಕಂಕುಳಲ್ಲಿಟ್ಟುಕೊಂಡು. ಪುಸ್ತಕ ಸಿಕ್ಕ ಮೇಲೆ ಮನೆಗೆ ಹೋಗಬಹುದಿತ್ತಲ್ಲ ಎಂದು ಉಶ್ಶಪ್ಪ ಕೇಳಿದ್ದಕ್ಕೆ, “ಎದುರಿಗೇ ನಡೀತಿರೋದನ್ನ ಬಿಟ್ಟು ಮನೇಲಿ ಕೂತು ಓದೋಕೆ ನನಗೇನು ಹುಚ್ಚಾ?” ಎಂದರು.

ಮಕ್ಕಳ ವಿಭಾಗದಲ್ಲಿ ಎಲ್ಲವೂ ಮೊಣಕಾಲೆತ್ತರ. ಅಕ್ಕ ಗೇಣುದ್ದದ ಕುರ್ಚಿಯಲ್ಲಿ, ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತು ಕತೆ ಹೇಳುತ್ತಿದ್ದರು. ಇವರನ್ನು ಕಂಡು ಕೈಯೆತ್ತಿ ತಡೆದರು. “ನಿಲ್ಲಿ, ಹುಲಿ ಇನ್ನೂ ಮರದ ಕೆಳಗೇ ಇದೆ.”

ಹುಲಿ ಹೋಗುವವರೆಗೆ ಮೂವರೂ ನಿಂತರು. ಹುಲಿಗೆ ಅವಸರವಿರಲಿಲ್ಲ. ಮರದ ಮೇಲಿದ್ದ ಮುದುಕಿ ತನ್ನ ಏಳು ಹೆಣ್ಣುಮಕ್ಕಳ ಹೆಸರನ್ನೂ ಅವರು ಮದುವೆಯಾಗಿ ಹೋದ ಮನೆಗಳ ಹೆಸರನ್ನೂ ಹೇಳಿ ಮುಗಿಸಿದ ಮೇಲೆ ಅದು ಬೇಸತ್ತು ಎದ್ದುಹೋಯಿತು. ಅಷ್ಟು ಹೊತ್ತೂ ಉಶ್ಶಪ್ಪ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ.

ಅಕ್ಕ ಫೈಲು ತೆರೆದರು. “ನಾನು ಬೈಂಡರ್ ತಾತನಿಂದ ತಗೋತೀನಿ. ತಾತ ಅಂಟು ಹಾಕಿದ ಪುಸ್ತಕ ಯಾವತ್ತಾದ್ರೂ ಬಿಟ್ಕೊಂಡಿದ್ದು ನೋಡಿದ್ದೀರಾ? ಹೆಡ್‌ಲೈನಣ್ಣ, ನೀವ್ಯಾಕೆ ನನ್ನ ಹಾಗೆ ನೋಡ್ತಿದ್ದೀರಿ?”

“ಇಲ್ಲಕ್ಕ, ಆರೋಪಮುಕ್ತ ಅಂತ ಸಂತೋಷಪಡ್ತಿದ್ದೆ. ಮಧ್ಯಾಹ್ನದ ಊಟ ಉಳೀತು.”

ಅಕ್ಕನೂ ಮೆರವಣಿಗೆಗೆ ಸೇರಿದರು. ಓಣಿಯುದ್ದಕ್ಕೂ ನಡೆಯುವಾಗ ಉಶ್ಶಪ್ಪನ ಹೆಜ್ಜೆ ನಿಧಾನವಾಯಿತು. ಇನ್ನು ಉಳಿದದ್ದು ಬೈಂಡರ್ ತಾತ ಒಬ್ಬರೇ. ಕೈತಪ್ಪಿ ಬಿದ್ದ ಪುಸ್ತಕವನ್ನು ಮಗುವಿನ ಹಾಗೆ ತಡವುವ ಮುದುಕ. ಅವರನ್ನು ಕೆಳಗೆ ಕಳಿಸುವುದೇ? ಆದರೆ ತನ್ನ ಕಿಟಕಿಯೂ ಕಣ್ಣಮುಂದೆ ಬಂತು. ತಾತ ಹೇಗೂ ತಲೆಯೆತ್ತಿ ಕಿಟಕಿ ನೋಡುವವರಲ್ಲ ಎಂದುಕೊಂಡ. ಕೆಳಗೆ ತಣ್ಣಗಿದೆ, ಮುದಿ ಜೀವಕ್ಕೆ ಒಳ್ಳೆಯದು. ಹಳೆಯ ಪತ್ರಿಕೆಯೆಂದರೆ ಅವರಿಗೂ ಪ್ರೀತಿಯೇ. ಬಾಗಿಲ ಹತ್ತಿರ ಬರುವಷ್ಟರಲ್ಲಿ, ತಾತನಿಗೆ ತಾನು ಉಪಕಾರವನ್ನೇ ಮಾಡುತ್ತಿದ್ದೇನೆ ಎಂದು ಅವನಿಗೆ ಖಾತ್ರಿಯಾಗಿತ್ತು.

“ಕೊಲೆಗಾರ ಯಾವಾಗ್ಲೂ ಕೊನೇ ಕೋಣೇಲೇ ಇರೋದು,” ಎಂದರು ಅಜ್ಜಿ.

ಬೈಂಡಿಂಗ್ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹೋಗುವಂತಿರಲಿಲ್ಲ. ಅಂಟು ಹಚ್ಚಿದ ಪುಸ್ತಕಗಳು ಕಲ್ಲು ಹೊತ್ತುಕೊಂಡು ನೆಲದ ತುಂಬ ಒಣಗುತ್ತ ಮಲಗಿದ್ದವು. ಉಳಿದವರು ಹೊರಗೆ ನಿಂತರು. ಉಶ್ಶಪ್ಪ ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲಿಡುತ್ತ ಒಳಗೆ ಹೋದ.

“ಬಾ ಮಗಾ. ನೋಡ್ಕೊಂಡು, ಅಲ್ಲಿ ಅಂಟಿದೆ,” ಎಂದರು ತಾತ, ದಾರ ಕಡಿಯುತ್ತ.

“ತಾತ, ನಿಮ್ಮ ಕಂಪ್ಯೂಟರು ಪ್ಯಾಕೇಜು ಎಲ್ಲಿಂದ ತಗೊಳ್ಳುತ್ತೆ, ನೋಡ್ಲಾ?”

“ನೋಡು, ನೋಡು. ಪುಸ್ತಕದ ಬೆನ್ನಿಗೆ ಹೆಸರು ಅಚ್ಚಾಗುತ್ತಲ್ಲ, ನನಗಷ್ಟೇ ಸಾಕು.”

ಪರದೆಯ ತುಂಬ ಅಂಟಿನ ಬೆರಳಚ್ಚು. ಉಶ್ಶಪ್ಪ ಅಂಗಿಯ ತೋಳಿನಿಂದ ಒರೆಸಿ, ಫೈಲು ತೆರೆದು, ಮೂಲದ ಸಾಲನ್ನು ಓದಿದ. ಮತ್ತೊಮ್ಮೆ ಒರೆಸಿ ಮತ್ತೊಮ್ಮೆ ಓದಿದ. ಅದು ಎರವಲು ಕೌಂಟರಿನ ವಿಳಾಸ.

“ತಾತ... ಇದು ನನ್ನದು.”

“ನಿಂದೇ ಮತ್ತೆ!” ತಾತ ಸಂತೋಷದಿಂದ ಸೂಜಿ ಕೆಳಗಿಟ್ಟರು. “ಆ ಹುಡುಗ ಹೋದಾಗ ಯಾರದ್ರಿಂದ ತಗೊಳ್ಳೋದು ಅಂತ ಬಹಳ ಯೋಚ್ನೆ ಮಾಡ್ದೆ ಕಣೋ. ಆ ಹೆಡ್‌ಲೈನು ಬಾಯಿಬಡುಕ. ಅಕ್ಕ ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ ಹೇಳ್ತಾಳೆ. ಈ ಕಟ್ಟಡದಲ್ಲಿ ಬಾಯಿ ಮುಚ್ಕೊಂಡು ಕೆಲಸ ಸರಿಯಾಗಿ ಮಾಡೋನು ಅಂದ್ರೆ ನೀನೊಬ್ನೇ.”

ಹೊಗಳಿಕೆ ಯಾರಿಗೂ ಅಷ್ಟು ದುಬಾರಿಯಾಗಿರಲಿಕ್ಕಿಲ್ಲ. ಉಶ್ಶಪ್ಪ ಬೆರಳು ಮಡಿಸಿ ನೋಡಿದ. ತಾನು ಹೆಡ್‌ಲೈನ್ ಅಣ್ಣನಿಂದ, ಅವನು ಅಕ್ಕನಿಂದ, ಅಕ್ಕ ತಾತನಿಂದ, ತಾತ ತನ್ನಿಂದ. ನಾಲ್ಕು ಜನ ದುಂಡಗೆ ಊಟಕ್ಕೆ ಕೂತು, ಪ್ರತಿಯೊಬ್ಬರೂ ಪಕ್ಕದವರ ತಟ್ಟೆಗೆ ಕೈಹಾಕುತ್ತ, ಅಡುಗೆಯನ್ನು ಯಾರೂ ಮಾಡಿಲ್ಲವೆಂಬುದನ್ನೇ ನೋಡಿರಲಿಲ್ಲ. ಕಂಪ್ಯೂಟರಿನವನು ಹೋದಂದಿನಿಂದ ಹೊರಗಿನ ಒಂದು ಅಗುಳೂ ಈ ಕಟ್ಟಡದೊಳಗೆ ಬಂದಿರಲಿಲ್ಲ. ಪ್ರತಿ ದಿನವೂ ಒಂದು ಕಂಪ್ಯೂಟರು ಇನ್ನೊಂದನ್ನು ‘ಹೊಸದೇನಾದರೂ ಇದೆಯಾ?’ ಎಂದು ಕೇಳುತ್ತಿತ್ತು, ಅದು ಮತ್ತೊಂದನ್ನು. ಎಲ್ಲರದೂ ಒಂದೇ ಸಮ ಹಳತಾಗಿದ್ದರಿಂದ, ಎಲ್ಲವೂ ಹೊಸದಾಗಿಯೇ ಇತ್ತು.

ದುಂಡಗಿರುವುದಕ್ಕೆ ಬುಡ ಎಲ್ಲಿರುತ್ತದೆ? ಆದರೆ ಮೇಡಂಗೆ ಒಂದು ಬುಡ ಬೇಕು. ಹೊರಗೆ ಕಾಯುತ್ತಿದ್ದವರು ಕೊನೆಯ ಕೋಣೆಯಿಂದ ಬರುವ ಹೆಸರಿಗಾಗಿ ಕಿವಿ ನಿಮಿರಿಸಿ ನಿಂತಿದ್ದರು. ಕೊನೆಯ ಕೋಣೆಯಲ್ಲಿ ಇದ್ದ ಹೆಸರು ಅವನದೇ.

ಉಶ್ಶಪ್ಪ ಹೊರಗೆ ಬಂದ. ಒಂದು ಚಪ್ಪಲಿ ಅಂಟಿನಲ್ಲೇ ಉಳಿಯಿತು.

“ಸಿಕ್ಕಿದ್ನಾ?” ಎಂದರು ಅಜ್ಜಿ.

“ಸಿಕ್ಕಿದ. ಕಂಪ್ಯೂಟರಿನವನು!” ಎಂದ ಉಶ್ಶಪ್ಪ. “ಹೊರಗಿನಿಂದ ತರ್ತಾ ಇದ್ದೋನು ಅವನೊಬ್ನೇ. ಯಂತ್ರ ಸಮೇತ ಹೋಗ್ಬಿಟ್ಟ. ನಮ್ಮಲ್ಲಿ ಯಾರ ತಪ್ಪೂ ಇಲ್ಲ.”

ಎಲ್ಲರ ಮುಖವೂ ಅರಳಿತು. ಹೆಡ್‌ಲೈನ್ ಅಣ್ಣ, “ಪ್ರಕರಣ ಸುಖಾಂತ್ಯ!” ಎಂದ. ಅಕ್ಕ, “ಅವನು ಮೊದಲಿಂದ್ಲೂ ಹಾಗೇ, ಮಕ್ಕಳ ಕಡೆ ತಿರುಗಿ ಸಹ ನೋಡ್ತಿರ್ಲಿಲ್ಲ,” ಎಂದರು. ಅಜ್ಜಿಯೊಬ್ಬರಿಗೆ ಸಮಾಧಾನವಾಗಲಿಲ್ಲ. “ಇಡೀ ಪುಸ್ತಕದಲ್ಲಿ ಒಂದು ಸಲಾನೂ ಮುಖ ತೋರಿಸದೇ ಇರೋನು ಕೊಲೆಗಾರ ಅಂದ್ರೆ ಅದು ಓದೋರಿಗೆ ಮಾಡಿದ ಮೋಸ,” ಎಂದು ಗೊಣಗುತ್ತ ಹಿಂದೆ ಬಂದರು.

ಹಗಲು ವಾಲುತ್ತಿತ್ತು. ಉಶ್ಶಪ್ಪ ಒಂದೇ ಚಪ್ಪಲಿಯಲ್ಲಿ ಕೌಂಟರಿಗೆ ಓಡಿದ. ಸುತ್ತು ಎಲ್ಲಾದರೂ ಒಂದು ಕಡೆ ಒಡೆಯಬೇಕು. ಯಾರಿಗೂ ತಿಳಿಯದ ಹಾಗೆ ಒಡೆಯಬೇಕಾದರೆ ತನ್ನಲ್ಲೇ ಒಡೆಯಬೇಕು. ವ್ಯವಸ್ಥೆಯ ಸಹಾಯ ಪುಟ ತೆರೆದರೆ, ಅದನ್ನು ಕಟ್ಟಿದವರದೇ ಅಧಿಕೃತ ಮೂಲದ ವಿಳಾಸ ಮೊದಲ ಸಾಲಿನಲ್ಲೇ ಇತ್ತು, ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಕೇಳುವಂತೆ. ಪತ್ರಿಕಾ ವಿಭಾಗದ ಸಾಲನ್ನು ಅಳಿಸಿ ಅದನ್ನು ಬರೆದ. ಈ ಸಲ ಕಂಪ್ಯೂಟರು ‘ನಂಬಲೇ?’ ಎಂದು ಕೇಳಲಿಲ್ಲ. ತವರಿನವರ ದನಿ ಕೇಳಿದ ಸೊಸೆಯ ಹಾಗೆ ಎದ್ದು ಓಡಿತು.

ಆಮೇಲೆ ಬಂತು ನೋಡಿ! ಬಂದದ್ದೇ ಬಂದದ್ದು. ಇಷ್ಟು ಕಾಲ ತಡೆದು ನಿಂತಿದ್ದದ್ದೆಲ್ಲ ಸಾಲು ಸಾಲಾಗಿ ಪರದೆಯ ಮೇಲೆ ಹರಿಯಿತು. ಆ ಸಾಲುಗಳ ನಡುವೆ ಎಲ್ಲೋ ಕಾರ್ಡಿನ ಪ್ಯಾಕೇಜೂ ಬಂದು ಕೂತಿತು. ಪ್ರಿಂಟರು ಒಮ್ಮೆ ಮೈ ಮುರಿದು, ಗುರ್ರೆಂದು, ಬಿಸಿಬಿಸಿಯಾದ ಒಂದು ಕಾರ್ಡನ್ನು ಹೊರಗೆ ನೂಕಿತು. ಅಜ್ಜಿಯ ಕಾರ್ಡು.

ಅಜ್ಜಿ ಅದನ್ನು ದೂರ ಹಿಡಿದು ನೋಡಿದರು. “ಫೋಟೋದಲ್ಲಿ ನಾನೇ ಏನೋ ಮಾಡಿ ತಲೆ ಮರೆಸ್ಕೊಂಡೋಳ ಹಾಗೆ ಕಾಣ್ತೀನಿ,” ಎಂದು ಬಹಳ ಸಂತೋಷಪಟ್ಟರು.

ಸ್ವಲ್ಪ ಹೊತ್ತಿಗೆ ಬೈಂಡಿಂಗ್ ಕೋಣೆಯಿಂದ “ಏನೋ ಬರ್ತಾ ಇದೆ ಕಣ್ರೋ!” ಎಂಬ ಕೂಗು. ಆಮೇಲೆ ಮಕ್ಕಳ ವಿಭಾಗದಲ್ಲಿ ಚಪ್ಪಾಳೆ. ಕೊನೆಗೆ ಪತ್ರಿಕಾ ವಿಭಾಗದಿಂದ, “ಬರ ನೀಗಿತು! ಎಲ್ಲೆಡೆ ಹರ್ಷ!” ಕೂಗಾಟ ಕೇಳಿ ಮೇಡಂ ಇಳಿದು ಬಂದರು. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಯಾರ ತಪ್ಪು ಎಂದು ಕೇಳಿದ್ದಕ್ಕೆ ಎಲ್ಲರೂ ಒಕ್ಕೊರಲಿನಿಂದ ಕಂಪ್ಯೂಟರಿನವನ ಹೆಸರು ಹೇಳಿದರು. ಕೆಲಸ ಬಿಟ್ಟುಹೋದವನನ್ನು ನೆಲಮಾಳಿಗೆಗೆ ಕಳಿಸುವುದು ಮೇಡಂ ಕೈಯಲ್ಲೂ ಆಗದ ಮಾತು.

“ಸರಿ ಮಾಡಿದ್ದು ಯಾರು?”

“ಉಶ್ಶಪ್ಪ!” ಎಂದರು ಎಲ್ಲರೂ.

ಉಶ್ಶಪ್ಪನ ಎದೆ ಉಬ್ಬಿತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. “ಈಗ ನನ್ನ ಕಂಪ್ಯೂಟರು ನೇರವಾಗಿ ಅಸಲಿ ಮೂಲದಿಂದಲೇ ತರುತ್ತೆ ಮೇಡಂ. ಉಳಿದವರಿಗೆಲ್ಲ ಇಲ್ಲಿಂದ್ಲೇ ಹೋಗೋದು.”

“ಅಂದ್ರೆ ಇಡೀ ಕಟ್ಟಡಕ್ಕೆ ಈಗ ನಿಮ್ಮದೇ ಮೂಲ?”

“ಹೌದು ಮೇಡಂ.”

“ಇದು ನಿಂತ್ರೆ?”

“ಎಲ್ಲರದೂ ನಿಂತ ಹಾಗೇ ಮೇಡಂ!”

ಮೇಡಂ ಕೌಂಟರಿನ ಕಡೆ ನೋಡಿದರು. ಕಂಪ್ಯೂಟರಿನ ಮೇಲೆ ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಜ್ಜಿ ತಮ್ಮ ಚೀಲವನ್ನು ಅದರ ತಲೆಯ ಮೇಲಿಟ್ಟಿದ್ದರು. ಯಾರದೋ ನೀರಿನ ಬಾಟಲಿ ಮುಚ್ಚಳವಿಲ್ಲದೆ ಪಕ್ಕದಲ್ಲಿ ನಿಂತಿತ್ತು.

“ಇಷ್ಟು ಮುಖ್ಯವಾದ ಯಂತ್ರಾನ ಹೀಗೆ ಸಂತೇಲಿ ಇಡೋದಾ?” ಎಂದರು ಮೇಡಂ. “ಬಿಸಿಲು ಬೀಳ್ಬಾರ್ದು, ಜನ ಮುಟ್ಬಾರ್ದು, ತಣ್ಣಗಿರ್ಬೇಕು. ಪಕ್ಕದಲ್ಲೇ ಒಬ್ಬರು ನಂಬಿಕಸ್ಥರು ದಿನವಿಡೀ ಕೂತು ನೋಡ್ಕೋಬೇಕು. ನಮ್ಮಲ್ಲಿ ಅಂಥ ಜಾಗ ಇರೋದು ಒಂದೇ. ತಂತಿ ಎಳೆಸಿಕೊಡ್ತೀನಿ. ಬರೀ ಕೈಯಲ್ಲಿ ಕಳಿಸಲ್ಲ, ಬಡ್ತಿ ಕೊಟ್ಟೇ ಕಳಿಸ್ತೀನಿ.”

ಉಶ್ಶಪ್ಪ ತನ್ನ ಒಂಟಿ ಚಪ್ಪಲಿಯನ್ನೂ, ಅದರ ಕೆಳಗಿನ ನೆಲವನ್ನೂ, ನೆಲದ ಕೆಳಗೆ ಏನಿದೆ ಎಂಬುದನ್ನೂ ನೋಡಿದ. “ಕೌಂಟರು... ಮೇಡಂ?”

“ಕಾರ್ಡು ಈಗ ತಾನಾಗೇ ಬರುತ್ತಲ್ಲ. ಪತ್ರಿಕಾ ವಿಭಾಗದವರು ನೋಡ್ಕೋತಾರೆ.”

“ಗುಮಾಸ್ತನಿಗೆ ಬಡ್ತಿ! ಸಹೋದ್ಯೋಗಿಗಳಲ್ಲಿ ಸಂಭ್ರಮ!” ಎಂದ ಹೆಡ್‌ಲೈನ್ ಅಣ್ಣ. ಅವನಾಗಲೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬಸ್ ನಿಲ್ದಾಣದ ಕಡೆ ನೋಡುತ್ತಿದ್ದ.

ತಾನು ಈ ಮರ್ಯಾದೆಗೆ ತಕ್ಕವನಲ್ಲ ಎಂದು ತೋರಿಸದೆ ಉಶ್ಶಪ್ಪನಿಗೆ ಬೇರೆ ದಾರಿಯಿರಲಿಲ್ಲ.

“ಮೇಡಂ, ನಾನು ಸುಳ್ಳು ಹೇಳ್ದೆ!” ಎಂದು ಕೂಗಿಯೇಬಿಟ್ಟ. ಇಡೀ ಗ್ರಂಥಾಲಯ ತಿರುಗಿ ನೋಡಿತು. ಉಶ್ ಎನ್ನಲು ಯಾರಿಗೂ ನೆನಪಾಗಲಿಲ್ಲ. “ಕಂಪ್ಯೂಟರಿನವನ ತಪ್ಪಲ್ಲ ಮೇಡಂ. ಎಲ್ಲರೂ ಒಬ್ಬರಿಂದೊಬ್ಬರು ತಗೋತಾ, ಸುತ್ತಿ ಸುತ್ತಿ ಕೊನೆಗೆ ಬಂದು ನಿಂತಿದ್ದು ನನ್ನ ಹತ್ರಾನೇ. ಇಷ್ಟು ದಿನ ಹೊರಗಿನಿಂದ ಏನೂ ತರದೇ ಇದ್ದೋನು ನಾನೇ. ನಾನು ನಂಬಿಕಸ್ಥ ಅಲ್ವೇ ಅಲ್ಲ ಮೇಡಂ!”

“ನಾನು ಅಂದ್ಕೊಂಡೆ,” ಎಂದರು ಅಜ್ಜಿ ತೃಪ್ತಿಯಿಂದ.

ಮೇಡಂ ಕೈಯಲ್ಲಿದ್ದ ಕಾರ್ಡನ್ನು ಅಜ್ಜಿಗೆ ಕೊಟ್ಟರು.

“ಓ, ಹಾಗಾ? ಹಾಗಿದ್ರೆ ಬಡ್ತಿ ವಿಷಯ ಬಿಡೋಣ,” ಎಂದು ಅವರು ನಕ್ಕರು. “ಜಾಗ ಮಾತ್ರ ಅದೇ ಇರ್ಲಿ.”